ಪಾಠ ಮಾಡಿದ ವರ್ಷಗಳಿಗೂ ಅಂಕ ಕೊಡಿ

ಸಂಪಾದಕರಿಗೆ ನಮಸ್ಕಾರ.

ವಿಶ್ವವಿದ್ಯಾಲಯಗಳಲ್ಲಿ ಬೋಧಕ ಹುದ್ದೆಗಳು ಖಾಲಿ ಬಿದ್ದಿವೆ ಎಂಬ ವರದಿಗಳು ನಿಮ್ಮ ಪತ್ರಿಕೆಯಲ್ಲಿ ಆಗಾಗ ಬರುತ್ತವೆ. ಎಷ್ಟು ಹುದ್ದೆ ಖಾಲಿ, ಆರ್ಥಿಕ ಇಲಾಖೆ ಯಾವಾಗ ಒಪ್ಪಿಗೆ ಕೊಡುತ್ತದೆ, ಅಧಿಸೂಚನೆ ಯಾವಾಗ ಬರುತ್ತದೆ, ಇವುಗಳ ಸುತ್ತಲೇ ಮಾತು ನಡೆಯುತ್ತದೆ. ಅಧಿಸೂಚನೆ ಬಂದ ಮೇಲೆ ಅರ್ಜಿಗಳಿಗೆ ಅಂಕ ಹೇಗೆ ಹಾಕುತ್ತಾರೆ ಎಂಬುದು ಚರ್ಚೆಗೇ ಬರುವುದಿಲ್ಲ. ಇತಿಹಾಸ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರ, ಅರ್ಥಶಾಸ್ತ್ರ ಓದಿಕೊಂಡು ವರ್ಷಗಟ್ಟಲೆ ಅತಿಥಿ ಉಪನ್ಯಾಸಕರಾಗಿ ದುಡಿಯುತ್ತಿರುವವರ ಹಣೆಬರಹ ತೀರ್ಮಾನವಾಗುವುದು ಅಲ್ಲಿಯೇ. ಅದನ್ನು ವಿವರವಾಗಿ ಬರೆದಿದ್ದೇನೆ. ಪತ್ರ ಉದ್ದವಾಗಿದೆ, ಆದರೂ ದಯವಿಟ್ಟು ಪೂರ್ತಿ ಪ್ರಕಟಿಸಿ.

ನಾನು ಇತಿಹಾಸದ ಅತಿಥಿ ಉಪನ್ಯಾಸಕಿ. ಮೊದಲು ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಬಿಎ ತರಗತಿಗಳಿಗೆ ಪಾಠ ಮಾಡುತ್ತಿದ್ದೆ. ಈಗ ಒಂದು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗದಲ್ಲಿ ಎಂಎ ವಿದ್ಯಾರ್ಥಿಗಳಿಗೆ ಮಾಡುತ್ತಿದ್ದೇನೆ. ಅಧ್ಯಾಪಕ ಹುದ್ದೆಗೆ ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆಯಾದ ಕೆ-ಸೆಟ್ ಆಗಿದೆ, ಪಿಎಚ್.ಡಿ ಆಗಿದೆ. ಹಳೇ ಮೈಸೂರು ಸಂಸ್ಥಾನದ ವಾರದ ಸಂತೆಗಳು ನನ್ನ ಸಂಶೋಧನೆಯ ವಿಷಯ. ವಿಧಾನಸೌಧದಲ್ಲಿರುವ ರಾಜ್ಯ ಪತ್ರಾಗಾರದ ಕಡತಗಳನ್ನು ಓದಿ ಬರೆದ ಪ್ರಬಂಧ ಅದು. ಆಮೇಲೆ ಅದನ್ನು ತಿದ್ದಿ, ಕನ್ನಡದಲ್ಲೇ ಒಂದು ಪುಸ್ತಕ ಮಾಡಿದೆ. ನಮ್ಮ ವಿದ್ಯಾರ್ಥಿಗಳು ಸೆಮಿನಾರ್ ಬರೆಯುವಾಗ ಅದನ್ನು ನೋಡುತ್ತಾರೆ.

ಕೆಲವು ವರ್ಷಗಳ ಹಿಂದೆ ರಾಜ್ಯದ ಒಂದು ವಿಶ್ವವಿದ್ಯಾಲಯ ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ ಅರ್ಜಿ ಕರೆಯಿತು. ಇತಿಹಾಸದಲ್ಲೂ ಹುದ್ದೆ ಇತ್ತು. ಶುಲ್ಕ ಕಟ್ಟಿ, ದಾಖಲೆಗಳನ್ನೆಲ್ಲ ಜೋಡಿಸಿ, ಆನ್‌ಲೈನ್ ಅರ್ಜಿಯ ಜೊತೆಗೆ ಹಾರ್ಡ್ ಕಾಪಿಗಳನ್ನೂ ಸ್ಪೀಡ್ ಪೋಸ್ಟ್‌ನಲ್ಲಿ ಕಳಿಸಿದೆ. ಬಹಳ ದಿನದ ಮೇಲೆ ಪರಿಶೀಲನಾ ಪಟ್ಟಿ ಬಂತು. ನನ್ನ ಹೆಸರಿನ ಮುಂದೆ 73 ಅಂಕ ಇತ್ತು. ಬೋಧನಾ ಅನುಭವದ ಕಾಲಂನಲ್ಲಿ ಸೊನ್ನೆ. ಷರಾ ಕಾಲಂನಲ್ಲಿ ವೇತನದ ಷರತ್ತು ಪೂರೈಸಿಲ್ಲ ಎಂದು ಒಂದು ಸಾಲು. ಸಂದರ್ಶನಕ್ಕೆ ಕರೆ ಬರಲಿಲ್ಲ. ಅನುಭವದ 10 ಅಂಕ ಸೇರಿದ್ದರೆ 83 ಆಗುತ್ತಿತ್ತು. 83 ಬಂದವರನ್ನೆಲ್ಲ ಸಂದರ್ಶನಕ್ಕೆ ಕರೆದಿದ್ದರು.

ಈ ಅಂಕದ ಲೆಕ್ಕ ಎಲ್ಲಿಂದ ಬರುತ್ತದೆ ಎಂದು ಹೇಳಬೇಕು. ವಿಶ್ವವಿದ್ಯಾಲಯ ಅನುದಾನ ಆಯೋಗ, ಅಂದರೆ ಯುಜಿಸಿ, 2018ರಲ್ಲಿ ಅಧ್ಯಾಪಕರ ನೇಮಕಾತಿಗೆ ನಿಯಮಾವಳಿ ಹೊರಡಿಸಿತು. ಅದರಲ್ಲಿ 3ಎ ಎಂಬ ಕೋಷ್ಟಕ ಇದೆ. ವಿಶ್ವವಿದ್ಯಾಲಯದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಯಾರನ್ನು ಸಂದರ್ಶನಕ್ಕೆ ಕರೆಯಬೇಕು ಎಂದು ಆರಿಸುವುದು ಈ ಕೋಷ್ಟಕದ ಮೇಲೆ. ಪದವಿಯಲ್ಲಿ ಶೇ 60ರಿಂದ 80ರೊಳಗೆ ಬಂದಿದ್ದರೆ 13 ಅಂಕ. ಸ್ನಾತಕೋತ್ತರದಲ್ಲಿ ಅಷ್ಟೇ ಬಂದಿದ್ದರೆ 23. ಪಿಎಚ್.ಡಿಗೆ 30. ಜೆಆರ್‌ಎಫ್ ಎಂಬ ಸಂಶೋಧನಾ ಫೆಲೋಶಿಪ್ ಸಮೇತ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆ ನೆಟ್ ಆಗಿದ್ದರೆ 7, ಬರೀ ನೆಟ್ ಆದರೆ 5, ಕೆ-ಸೆಟ್‌ನಂಥ ರಾಜ್ಯ ಮಟ್ಟದ ಸೆಟ್ ಆದರೆ 3. ಪತ್ರಿಕೆಗಳಲ್ಲಿ ಬಂದ ಸಂಶೋಧನಾ ಲೇಖನಕ್ಕೆ ತಲಾ 2, ಹೆಚ್ಚೆಂದರೆ 10. ಪಾಠ ಮಾಡಿದ ಪ್ರತಿ ವರ್ಷಕ್ಕೆ 2, ಅದೂ ಹೆಚ್ಚೆಂದರೆ 10. ಈ ಅಂಕ ಸಂದರ್ಶನಕ್ಕೆ ಕರೆಯುವುದಕ್ಕೆ ಮಾತ್ರ. ಅಂತಿಮ ಆಯ್ಕೆ ಸಂದರ್ಶನದ ಮೇಲೆಯೇ ನಡೆಯುತ್ತದೆ ಎಂದು ನಿಯಮ ಸ್ಪಷ್ಟವಾಗಿ ಹೇಳುತ್ತದೆ. ಹಾಗಾಗಿ ಸಂದರ್ಶನದ ಬಾಗಿಲು ದಾಟದೇ ಹೋದರೆ ಕಥೆ ಅಲ್ಲಿಗೇ ಮುಗಿಯಿತು. ನೀವು ಎಂಥ ಮೇಷ್ಟ್ರು ಎಂಬುದನ್ನು ನೋಡುವವರೇ ಇಲ್ಲ.

ಈಗ ಅನುಭವದ ವಿಷಯಕ್ಕೆ ಬರುತ್ತೇನೆ. ನನ್ನ ಮುಖ್ಯ ಮಾತು ಇರುವುದು ಇದರಲ್ಲೇ. ಅದೇ ನಿಯಮಾವಳಿಯ 10ನೇ ನಿಯಮ ಹಿಂದಿನ ಸೇವೆಯನ್ನು ಹೇಗೆ ಲೆಕ್ಕ ಹಾಕಬೇಕು ಎಂದು ಹೇಳುತ್ತದೆ. ತಾತ್ಕಾಲಿಕ ಅಥವಾ ಗುತ್ತಿಗೆ ಸೇವೆಯನ್ನೂ ನೇರ ನೇಮಕಾತಿಗೆ ಪರಿಗಣಿಸಬಹುದು. ಅದಕ್ಕೆ ಷರತ್ತುಗಳಿವೆ. ಆಗ ನಿಮಗೆ ನಿಗದಿತ ಅರ್ಹತೆ ಇರಬೇಕು. ಸರಿಯಾಗಿ ರಚನೆಯಾದ ಆಯ್ಕೆ ಸಮಿತಿ ನಿಮ್ಮನ್ನು ಆರಿಸಿರಬೇಕು. ಇವೆರಡೂ ನ್ಯಾಯವಾದವು. ಜೊತೆಗೆ ಮತ್ತೊಂದಿದೆ. ನಿಮಗೆ ಸಿಗುತ್ತಿದ್ದ ಒಟ್ಟು ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರ ತಿಂಗಳ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು.

ಏಳನೇ ವೇತನ ಆಯೋಗದ ಶ್ರೇಣಿಯಲ್ಲಿ ಸಹಾಯಕ ಪ್ರಾಧ್ಯಾಪಕರ ಆರಂಭದ ಮೂಲ ವೇತನವೇ 57,700 ರೂಪಾಯಿ. ತುಟ್ಟಿಭತ್ಯೆ, ಮನೆ ಬಾಡಿಗೆ ಭತ್ಯೆ ಅದರ ಮೇಲೆ. ನಮ್ಮ ಗೌರವಧನ ಎಷ್ಟು? 2022ರ ಜನವರಿಗೆ ಮುಂಚೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ತಿಂಗಳಿಗೆ 11 ಸಾವಿರ, ಅರ್ಹತೆ ಇದ್ದವರಿಗೆ 13 ಸಾವಿರ. 2022ರಲ್ಲಿ ಅದು 26 ಸಾವಿರದಿಂದ 32 ಸಾವಿರದವರೆಗೆ ಏರಿತು, 2024ರಲ್ಲಿ ಇನ್ನೂ ಸ್ವಲ್ಪ ಏರಿತು. ದೊಡ್ಡ ಏರಿಕೆ, ಅದನ್ನು ಒಪ್ಪುತ್ತೇನೆ. ಅದರ ಜೊತೆಗೆ ವಾರಕ್ಕೆ 15 ಗಂಟೆ ಕಾರ್ಯಭಾರ ಎಂದೂ ಆಯಿತು. ಯುಜಿಸಿ ಪ್ರಕಾರ ಕಾಯಂ ಸಹಾಯಕ ಪ್ರಾಧ್ಯಾಪಕರು ವಾರಕ್ಕೆ ಮಾಡಬೇಕಾದ ಪಾಠ 16 ಗಂಟೆ. ವ್ಯತ್ಯಾಸ ಒಂದೇ ಒಂದು ಗಂಟೆ. ಸಂಬಳದಲ್ಲಿ ಅರ್ಧಕ್ಕಿಂತ ಜಾಸ್ತಿ ವ್ಯತ್ಯಾಸ.

ಹಾಗಾದರೆ ರಾಜ್ಯ ಕಡಿಮೆ ಕೊಡುತ್ತಿದೆ, ತಪ್ಪು ರಾಜ್ಯದ್ದು ಎಂದು ಮುಗಿಸಬಹುದಿತ್ತು. ಆದರೆ ಯುಜಿಸಿ ತಾನೇ 2019ರ ಜನವರಿಯಲ್ಲಿ ಅತಿಥಿ ಬೋಧಕರ ಬಗ್ಗೆ ಮಾರ್ಗಸೂಚಿ ಹೊರಡಿಸಿತು. ಒಂದು ಪಾಠಕ್ಕೆ 1,500 ರೂಪಾಯಿ, ತಿಂಗಳಿಗೆ ಹೆಚ್ಚೆಂದರೆ 50 ಸಾವಿರ. ಅಂದರೆ ಯುಜಿಸಿ ಹಾಕಿದ ಮಿತಿಯಷ್ಟನ್ನೂ ವಿಶ್ವವಿದ್ಯಾಲಯ ಪೈಸೆ ಬಿಡದೆ ಕೊಟ್ಟರೂ ಅದು 57,700ನ್ನು ಮುಟ್ಟುವುದಿಲ್ಲ. ಅತಿಥಿಯಾಗಿ ದುಡಿದವರ ಒಂದು ವರ್ಷವೂ ಯುಜಿಸಿಯ 10ನೇ ನಿಯಮದ ಪ್ರಕಾರ ಲೆಕ್ಕಕ್ಕೆ ಬರಲು ಸಾಧ್ಯವಿಲ್ಲ. ಇದನ್ನು ಕಾಗದದ ಮೇಲೆ ಪೆನ್ನು ಹಿಡಿದು ಲೆಕ್ಕ ಹಾಕಿದಾಗ ನನಗೆ ನಿದ್ದೆ ಬರಲಿಲ್ಲ. ಒಂದೇ ಸಂಸ್ಥೆ ಒಂದು ಕಡೆ ಇಷ್ಟಕ್ಕಿಂತ ಜಾಸ್ತಿ ಕೊಡಬೇಡಿ ಎನ್ನುತ್ತದೆ. ಇನ್ನೊಂದು ಕಡೆ ಅಷ್ಟು ಕಡಿಮೆ ತೆಗೆದುಕೊಂಡವರ ಸೇವೆ ಸೇವೆಯಲ್ಲ ಎನ್ನುತ್ತದೆ.

ಕಡಿಮೆ ಸಂಬಳ ನಾವು ಕೇಳಿ ಪಡೆದದ್ದಲ್ಲ. ನಮಗೆ ಕೊಟ್ಟದ್ದು. ಕೊಟ್ಟವರು ಮಾಡಿದ ಉಳಿತಾಯವನ್ನೇ ಕಾರಣ ಮಾಡಿ ನಮ್ಮ ಅನುಭವವನ್ನು ಹೊಡೆದು ಹಾಕುವುದು ಯಾವ ನ್ಯಾಯ?

ಇನ್ನೊಂದು ವಿಷಯವನ್ನೂ ಹೇಳಬೇಕು. ಎಲ್ಲ ವಿಶ್ವವಿದ್ಯಾಲಯಗಳೂ ಈ ನಿಯಮವನ್ನು ಒಂದೇ ರೀತಿ ಓದುತ್ತಿಲ್ಲ. ನಾನು ಅರ್ಜಿ ಹಾಕಿದ್ದ ಇನ್ನೊಂದು ಕಡೆ, ಇದೇ ಸೇವಾ ಪ್ರಮಾಣಪತ್ರಗಳಿಗೆ ಪೂರ್ತಿ 10 ಅಂಕ ಕೊಟ್ಟಿದ್ದರು. ಕೋಷ್ಟಕ 3ಎಯಲ್ಲಿ ಬೋಧನಾ ಅನುಭವ ಎಂದಷ್ಟೇ ಇದೆ, ಆ ಸಾಲಿನಲ್ಲಿ ಸಂಬಳದ ಮಾತಿಲ್ಲ ಎಂಬುದು ಅವರ ಓದು. ಆ ನೇಮಕಾತಿ ಮುಂದೆ ಹೋಗಲೇ ಇಲ್ಲ, ಅದು ಬೇರೆ ಕಥೆ. ಒಂದೇ ರಾಜ್ಯ, ಒಂದೇ ಕಾಯ್ದೆ, ಒಂದೇ ಪ್ರಮಾಣಪತ್ರ. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಹತ್ತು. ಎಲ್ಲಿ ಏನಾಗುತ್ತದೆ ಎಂಬುದು ಶುಲ್ಕ ಕಟ್ಟಿ ತಿಂಗಳುಗಟ್ಟಲೆ ಕಾದ ಮೇಲೆ ಪಟ್ಟಿ ನೋಡಿಯೇ ಗೊತ್ತಾಗಬೇಕು.

ಈ ಪೆಟ್ಟು ವಿಜ್ಞಾನದವರಿಗಿಂತ ನಮ್ಮ ವಿಷಯಗಳವರಿಗೆ ಯಾಕೆ ಜಾಸ್ತಿ ಬೀಳುತ್ತದೆ ಎಂದು ಕೇಳಬಹುದು. ರಸಾಯನಶಾಸ್ತ್ರದಲ್ಲಿ ಪಿಎಚ್.ಡಿ ಮಾಡಿದವರಿಗೆ ಪ್ರಯೋಗಾಲಯದ ಪ್ರಾಜೆಕ್ಟ್ ಇರಬಹುದು, ಪೋಸ್ಟ್ ಡಾಕ್ ಎಂಬ ಪಿಎಚ್.ಡಿ ನಂತರದ ಸಂಶೋಧನಾ ಕೆಲಸ ಇರಬಹುದು. ಕೋಷ್ಟಕದಲ್ಲಿ ಬೋಧನೆ ಮತ್ತು ಪೋಸ್ಟ್ ಡಾಕ್ ಎರಡನ್ನೂ ಒಂದೇ ಸಾಲಿನಲ್ಲಿ ಇಟ್ಟಿದ್ದಾರೆ. ಅದರಿಂದ ಅವರ ಆ ವರ್ಷಗಳಿಗೆ ಅಂಕ ಸಿಗುತ್ತದೆ. ಇತಿಹಾಸ, ಸಮಾಜಶಾಸ್ತ್ರದಲ್ಲಿ ಪಿಎಚ್.ಡಿ ಮುಗಿಸಿದವರಿಗೆ ಅಂಥ ದಾರಿಗಳು ಬಹಳ ಕಡಿಮೆ. ನಮ್ಮಲ್ಲಿ ಹೆಚ್ಚಿನವರಿಗೆ ಇರುವುದು ಒಂದೇ ದಾರಿ, ಅತಿಥಿ ಉಪನ್ಯಾಸಕರಾಗುವುದು. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲೇ 10 ಸಾವಿರಕ್ಕೂ ಹೆಚ್ಚು ಅತಿಥಿ ಉಪನ್ಯಾಸಕರು ದುಡಿದಿದ್ದಾರೆ. ಇತಿಹಾಸ, ಅರ್ಥಶಾಸ್ತ್ರದ ಜೊತೆ ರಾಜ್ಯಶಾಸ್ತ್ರ ಅಥವಾ ಸಮಾಜಶಾಸ್ತ್ರ ಇರುವ ಎಚ್‌ಇಪಿ, ಎಚ್‌ಇಎಸ್ ಕಾಂಬಿನೇಷನ್‌ಗಳ ತರಗತಿಗಳು ನಡೆಯುತ್ತಿರುವುದೇ ಅವರಿಂದ ಎಂದರೆ ತಪ್ಪಾಗದು.

ಲೇಖನಗಳ ಅಂಕದಲ್ಲೂ ಇಂಥದೇ ಏರುಪೇರು ಇದೆ. 3ಎ ಕೋಷ್ಟಕದಲ್ಲಿ ಅಂಕ ಇರುವುದು ಪತ್ರಿಕೆಗಳಲ್ಲಿ ಬಂದ ಲೇಖನಗಳಿಗೆ ಮಾತ್ರ. ಪುಸ್ತಕಕ್ಕೆ ಇಲ್ಲ. ನಮ್ಮ ವಿಷಯಗಳಲ್ಲಿ ವರ್ಷಗಳ ಕೆಲಸ ಹೊರಬರುವುದು ಪುಸ್ತಕವಾಗಿ. ಅದರಲ್ಲೂ ಕನ್ನಡದಲ್ಲಿ ಬರೆಯುವವರಿಗೆ, ಸಮಾನರ ವಿಮರ್ಶೆಗೆ ಒಳಪಡಿಸಿ ಪ್ರಕಟಿಸುವ ಪತ್ರಿಕೆಗಳು ಕೈಬೆರಳೆಣಿಕೆಯಷ್ಟು. ಯುಜಿಸಿ ಬಹಳ ಕಾಲ ಕೇರ್ ಪಟ್ಟಿಯಲ್ಲಿ ಇರುವ ಪತ್ರಿಕೆಗಳಿಗೆ ಮಾತ್ರ ಮಾನ್ಯತೆ ಎಂದಿತ್ತು. 2025ರಲ್ಲಿ ಆ ಪಟ್ಟಿಯನ್ನೇ ಕೈಬಿಟ್ಟಿತು. ಆ ಪಟ್ಟಿಯನ್ನು ನಂಬಿ ಲೇಖನ ಕಳಿಸಿ ಕಾದವರಿಗೆ ಉತ್ತರ ಸಿಗಲಿಲ್ಲ.

ಅದೇ ನಿಯಮಾವಳಿಯ 2ನೇ ಕೋಷ್ಟಕ ನೋಡಿ. ಅದು ಸಹ ಪ್ರಾಧ್ಯಾಪಕ, ಪ್ರಾಧ್ಯಾಪಕ ಹುದ್ದೆಗಳಿಗೆ ಬಳಸುವಂಥದು. ಅಲ್ಲಿ ರಾಷ್ಟ್ರಮಟ್ಟದ ಪ್ರಕಾಶಕರಿಂದ ಬಂದ ಪುಸ್ತಕಕ್ಕೆ 10 ಅಂಕ ಇದೆ. ಒಂದು ಪುಸ್ತಕವನ್ನು ಅನುವಾದ ಮಾಡಿದರೆ 8 ಅಂಕ. ಪುಸ್ತಕ ಬರೆಯುವುದು, ಅನುವಾದ ಮಾಡುವುದು ವಿದ್ವತ್ತಿನ ಕೆಲಸ ಎಂದು ಯುಜಿಸಿಗೆ ಗೊತ್ತಿದೆ. ಆದರೆ ಒಳಗೆ ಬಂದವರಿಗೆ ಮಾತ್ರ ಅದು ಅನ್ವಯ. ಬಾಗಿಲಲ್ಲಿ ನಿಂತವರಿಗೆ ಇಲ್ಲ. ಸಂತೆಗಳ ಮೇಲಿನ ನನ್ನ ಪುಸ್ತಕಕ್ಕೆ ಆ ಪರಿಶೀಲನಾ ಪಟ್ಟಿಯಲ್ಲಿ ಸಿಕ್ಕಿದ್ದು ಸೊನ್ನೆ. ಅದೇ ಪುಸ್ತಕದ ಎರಡು ಅಧ್ಯಾಯಗಳನ್ನು ಇಂಗ್ಲಿಷಿನಲ್ಲಿ ಚುಟುಕು ಮಾಡಿ ಪತ್ರಿಕೆಗಳಿಗೆ ಕಳಿಸಿದ್ದೆ. ಅವಕ್ಕೆ 4 ಅಂಕ ಸಿಕ್ಕಿತು.

ಸೆಟ್ ಮತ್ತು ನೆಟ್ ವಿಷಯವನ್ನು ಹೆಚ್ಚು ಎಳೆಯುವುದಿಲ್ಲ. ಭಾಷಾ ವಿಷಯಗಳನ್ನು ಬಿಟ್ಟರೆ ನೆಟ್ ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿಯಲ್ಲಿ ಮಾತ್ರ. ಇತಿಹಾಸದಂಥ ವಿಷಯಗಳ ಕೆ-ಸೆಟ್ ಪತ್ರಿಕೆ ಕನ್ನಡದಲ್ಲೂ ಇರುತ್ತದೆ. ಹಳ್ಳಿಯಿಂದ ಬಂದು, ಬಿಎ ಮತ್ತು ಎಂಎ ಎರಡನ್ನೂ ಕನ್ನಡ ಮಾಧ್ಯಮದಲ್ಲಿ ಓದಿದವರು ಸಹಜವಾಗಿ ಕೆ-ಸೆಟ್ ಬರೆಯುತ್ತಾರೆ. ಕರ್ನಾಟಕದ ವಿಶ್ವವಿದ್ಯಾಲಯದಲ್ಲಿ, ಕನ್ನಡದಲ್ಲಿ ಪಾಠ ಮಾಡಬೇಕಾದ ಹುದ್ದೆಗೂ ಅವರಿಗೆ 2 ಅಂಕ ಕಡಿಮೆ.

ಅನುಭವ ಎಂದರೆ ಕಾಗದದ ಮೇಲಿನ ವರ್ಷಗಳಷ್ಟೇ ತಾನೇ ಎಂದು ಯಾರಾದರೂ ಕೇಳಿದರೆ, ಆ ವರ್ಷಗಳಲ್ಲಿ ನಾವು ಏನು ಮಾಡುತ್ತೇವೆ ಎಂದು ಹೇಳಬೇಕಾಗುತ್ತದೆ. ನನ್ನ ಎಂಎ ತರಗತಿಯಲ್ಲಿ ಹೆಚ್ಚಿನವರು ಅವರ ಮನೆಯಿಂದ ಮೊದಲ ಸಲ ವಿಶ್ವವಿದ್ಯಾಲಯದ ಮೆಟ್ಟಿಲು ಹತ್ತಿದವರು. ಪಠ್ಯಕ್ರಮದಲ್ಲಿ ಹೇಳಿರುವ ಪುಸ್ತಕಗಳಲ್ಲಿ ಮುಕ್ಕಾಲು ಪಾಲು ಇಂಗ್ಲಿಷಿನವು. ನಾವು ಅವನ್ನು ಓದಿ, ಮುಖ್ಯ ವಾದಗಳನ್ನು ಕನ್ನಡದಲ್ಲಿ ಬರೆದು, ಜೆರಾಕ್ಸ್ ಮಾಡಿಸಿ ಹಂಚುತ್ತೇವೆ. ಪ್ರಶ್ನೆಪತ್ರಿಕೆಯ ಕನ್ನಡ ಅನುವಾದವೂ ನಮ್ಮ ಪಾಲಿಗೇ ಬರುತ್ತದೆ.

ದಿವಾನ್ ರಂಗಾಚಾರ್ಲು ಅವರು 1881ರಲ್ಲಿ ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆ ಶುರು ಮಾಡಿದರು ಎಂದು ಪುಸ್ತಕದಲ್ಲಿ ಒಂದು ಸಾಲು ಇರುತ್ತದೆ. ವಿದ್ಯಾರ್ಥಿ ಅದನ್ನು ಬಾಯಿಪಾಠ ಮಾಡಿ ಎರಡು ಅಂಕ ತೆಗೆಯಬಹುದು. ನಾನು ಆ ಸಭೆಯ ನಡಾವಳಿಗಳಿಂದ ಕೆಲವು ಪುಟಗಳನ್ನು ತರಗತಿಗೆ ತರುತ್ತೇನೆ. ತಾಲ್ಲೂಕುಗಳಿಂದ ಬಂದ ಪ್ರತಿನಿಧಿಗಳು ಕೆರೆ, ರಸ್ತೆ, ಶಾಲೆಗಾಗಿ ಇಟ್ಟ ಬೇಡಿಕೆಗಳು ಅದರಲ್ಲಿವೆ. ತಮ್ಮ ತಾಲ್ಲೂಕಿನ ಹೆಸರು ಕಂಡ ಕೂಡಲೇ ಮಕ್ಕಳು ಕುರ್ಚಿಯಲ್ಲಿ ಮುಂದಕ್ಕೆ ಬರುತ್ತಾರೆ. ಆ ಕೆರೆ ಈಗ ಏನಾಗಿದೆ ಎಂದು ತಾವೇ ಹೇಳಲು ಶುರು ಮಾಡುತ್ತಾರೆ. ಒಬ್ಬ ಹುಡುಗಿ ಅದನ್ನೇ ಹಿಡಿದುಕೊಂಡು, ಊರಿನ ಹಿರಿಯರನ್ನು ಮಾತಾಡಿಸಿ, ಒಳ್ಳೆಯ ಕಿರುಪ್ರಬಂಧ ಬರೆದಳು. ಅಂಥದನ್ನು ಕಲಿಸಲು ವರ್ಷಗಳು ಬೇಕು. ಮೊದಲ ವರ್ಷ ನನಗೆ ಅದು ಬರುತ್ತಿರಲಿಲ್ಲ, ಯಾರಿಗೂ ಬರುವುದಿಲ್ಲ. ಪಾಠ ಮಾಡುತ್ತಾ ಮಾಡುತ್ತಾ ಬರುವಂಥದು. ಅದಕ್ಕೇ ತಾನೇ ಅನುಭವಕ್ಕೆ ಅಂಕ ಇಟ್ಟಿರುವುದು?

ಈಗ ಎರಡು ಆಕ್ಷೇಪಗಳಿಗೆ ಉತ್ತರ ಹೇಳುತ್ತೇನೆ.

ಅತಿಥಿ ಉಪನ್ಯಾಸಕರನ್ನೆಲ್ಲ ಕಾಯಂ ಮಾಡಿ ಎಂದು ನಾನು ಕೇಳುತ್ತಿಲ್ಲ. ನನ್ನ ಅನೇಕ ಗೆಳೆಯರು ಧರಣಿಯಲ್ಲಿ ಕೂತು ಅದನ್ನೇ ಕೇಳಿದ್ದಾರೆ. ಅವರ ಸಂಕಟ ನನಗೆ ಗೊತ್ತು. ಆದರೆ ಸುಪ್ರೀಂ ಕೋರ್ಟಿನ 2006ರ ಉಮಾದೇವಿ ತೀರ್ಪು ನಮ್ಮ ರಾಜ್ಯದ್ದೇ ಪ್ರಕರಣ. ಸರಿಯಾದ ಆಯ್ಕೆ ಇಲ್ಲದೆ ಬಂದವರನ್ನು ಹಾಗೇ ಕಾಯಂ ಮಾಡುವಂತಿಲ್ಲ ಎಂದು ಅದು ಹೇಳಿತು. ಅದರಲ್ಲಿ ನ್ಯಾಯವೂ ಇದೆ. ಹೊರಗೆ ಇರುವ ಅರ್ಹರಿಗೂ, ಮೀಸಲಾತಿಯಲ್ಲಿ ಬರಬೇಕಾದವರಿಗೂ ಅವಕಾಶ ಸಿಗಬೇಕು. ಪರಿಶಿಷ್ಟ ಜಾತಿಗಳ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಸರ್ಕಾರ 2024ರಲ್ಲಿ ಹೊಸ ಅಧಿಸೂಚನೆಗಳನ್ನು ತಡೆದಾಗ ನಾನು ಅದನ್ನು ಒಪ್ಪಿದ್ದೆ. ಒಳಮೀಸಲಾತಿ ಕುರಿತ ನ್ಯಾಯಮೂರ್ತಿ ನಾಗಮೋಹನದಾಸ್ ಆಯೋಗ 2025ರ ಆಗಸ್ಟ್‌ನಲ್ಲಿ ವರದಿ ಕೊಟ್ಟಿತು. ಅಷ್ಟು ಕಾದದ್ದು ನನಗೆ ಕಷ್ಟವಾಯಿತು, ಆದರೂ ಅದು ಕಾಯಬೇಕಾದ ವಿಷಯವೇ ಆಗಿತ್ತು. ನಾನು ಕೇಳುತ್ತಿರುವುದು ಎಲ್ಲರ ಜೊತೆ ಸಾಲಿನಲ್ಲಿ ನಿಲ್ಲುವುದಕ್ಕೆ. ನಿಂತಾಗ, ಮಾಡಿದ ಕೆಲಸವನ್ನು ಮಾಡಿಲ್ಲ ಎಂದು ಬರೆಯಬೇಡಿ ಅನ್ನುವುದಕ್ಕೆ.

ಎರಡನೆಯದು, ಅನುಭವಕ್ಕೆ ಅಂಕ ಕೊಟ್ಟರೆ ಈಗಷ್ಟೇ ಓದು ಮುಗಿಸಿದ ಹುಡುಗರಿಗೆ ಅನ್ಯಾಯ ಆಗುತ್ತದೆ ಎಂಬ ಮಾತು. ಅನುಭವಕ್ಕೆ ಇರುವುದು ನೂರರಲ್ಲಿ ಹತ್ತೇ ಅಂಕ. ಐದು ವರ್ಷಕ್ಕೆ ಅದು ನಿಲ್ಲುತ್ತದೆ. ಇಪ್ಪತ್ತು ವರ್ಷ ಪಾಠ ಮಾಡಿದವರಿಗೂ ಅಷ್ಟೇ. ಜೆಆರ್‌ಎಫ್ ಆದ ಹುಡುಗನಿಗೆ ಕೆ-ಸೆಟ್ ಆದವರಿಗಿಂತ 4 ಅಂಕ ಮೊದಲೇ ಜಾಸ್ತಿ ಇರುತ್ತದೆ. ಇಬ್ಬರಿಗೂ ಜಾಗ ಇರುವ ಲೆಕ್ಕ ಇದು. ಒಂದು ಸಾಲನ್ನು ಸೊನ್ನೆ ಮಾಡಿದಾಗ ಮಾತ್ರ ತಕ್ಕಡಿ ವಾಲುತ್ತದೆ.

ಇನ್ನು ಸರ್ಕಾರ ಮತ್ತು ವಿಶ್ವವಿದ್ಯಾಲಯಗಳು ಏನು ಮಾಡಬಹುದು? ಯುಜಿಸಿ ನಿಯಮವನ್ನು ರಾಜ್ಯ ಬದಲಿಸಲಾರದು ಎಂಬ ಉತ್ತರವನ್ನು ಬಹಳ ಸಲ ಕೇಳಿದ್ದೇನೆ. ನಿಯಮವನ್ನು ಬದಲಿಸುವುದೇ ಬೇಡ. ಅದೇ ನಿಯಮಾವಳಿಯ 13ನೇ ನಿಯಮವನ್ನು ಪಾಲಿಸಿದರೆ ಸಾಕು. ಗುತ್ತಿಗೆ ಅಧ್ಯಾಪಕರನ್ನು ತೀರಾ ಅಗತ್ಯ ಇದ್ದಾಗ ಮಾತ್ರ ತೆಗೆದುಕೊಳ್ಳಬೇಕು, ಅವರು ಒಟ್ಟು ಅಧ್ಯಾಪಕರಲ್ಲಿ ಶೇ 10ನ್ನು ಮೀರಬಾರದು, ಅವರಿಗೆ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆ ಕೊಡಬಾರದು ಎಂದು ಅದು ಹೇಳುತ್ತದೆ. ಮಂಜೂರಾದ ಹುದ್ದೆ ಖಾಲಿ ಇದೆ, ಅದಕ್ಕೆ ಪೂರ್ತಿ ಕಾರ್ಯಭಾರ ಇದೆ, ಅರ್ಹತೆ ಇರುವವರು ಇದ್ದಾರೆ. ಹಾಗಿದ್ದಾಗ ಅವರನ್ನು ಸರಿಯಾದ ಆಯ್ಕೆ ಸಮಿತಿಯ ಮೂಲಕ ಈ ನಿಯಮದಡಿ ತೆಗೆದುಕೊಳ್ಳಿ. ಆಗ ಅವರ ಸೇವೆ ತಾನಾಗಿಯೇ 10ನೇ ನಿಯಮದ ಲೆಕ್ಕಕ್ಕೆ ಬರುತ್ತದೆ.

ದುಡ್ಡಿಲ್ಲ ಎಂಬ ಉತ್ತರ ಬರುತ್ತದೆ, ಅದೂ ಗೊತ್ತು. 2025ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ ತೀರ್ಪು ಕೊಟ್ಟಿದೆ. ತಿಂಗಳಿಗೆ 30 ಸಾವಿರಕ್ಕೆ ದುಡಿಯುತ್ತಿದ್ದ ಅವರಿಗೆ ಸಹಾಯಕ ಪ್ರಾಧ್ಯಾಪಕರ ವೇತನ ಶ್ರೇಣಿಯ ಕನಿಷ್ಠ ವೇತನ ಕೊಡಬೇಕು ಎಂದು ಹೇಳಿದೆ. ಸಮಾನ ಕೆಲಸಕ್ಕೆ ಸಮಾನ ವೇತನ ತಾತ್ಕಾಲಿಕ ನೌಕರರಿಗೂ ಸಲ್ಲಬೇಕು ಎಂದು ಪಂಜಾಬಿನ ಪ್ರಕರಣದಲ್ಲಿ 2016ರಲ್ಲೇ ಹೇಳಿತ್ತು. ನಮ್ಮ ರಾಜ್ಯದಲ್ಲೂ ಒಬ್ಬೊಬ್ಬರೇ ಕೋರ್ಟಿಗೆ ಹೋಗಿ, ವರ್ಷಗಟ್ಟಲೆ ಅಲೆದು ಇದನ್ನು ಪಡೆಯಬೇಕೇ? ಅತಿಥಿ ಉಪನ್ಯಾಸಕರಿಗೆ ವಕೀಲರ ಫೀಸು ಕಟ್ಟುವ ಶಕ್ತಿ ಇದ್ದಿದ್ದರೆ ಈ ಪತ್ರದ ಅಗತ್ಯವೇ ಇರುತ್ತಿರಲಿಲ್ಲ.

ಸಂಬಳದ ವಿಷಯ ಇತ್ಯರ್ಥ ಆಗುವವರೆಗೆ ಕಾಯದೇ ಮಾಡಬಹುದಾದ ಕೆಲಸವೂ ಇದೆ. ಉನ್ನತ ಶಿಕ್ಷಣ ಇಲಾಖೆ ಎಲ್ಲ ರಾಜ್ಯ ವಿಶ್ವವಿದ್ಯಾಲಯಗಳಿಗೆ ಒಂದು ಸುತ್ತೋಲೆ ಕಳಿಸಲಿ. ಅರ್ಹತೆ ಪಡೆದ ಮೇಲೆ ಆಯ್ಕೆ ಸಮಿತಿಯ ಮೂಲಕ ಬಂದು ಪೂರ್ತಿ ಕಾರ್ಯಭಾರ ನಿಭಾಯಿಸಿದ ವರ್ಷಗಳಿಗೆ 3ಎ ಕೋಷ್ಟಕದ ಅಂಕ ಕೊಡಿ ಎಂದು ಹೇಳಲಿ. ಯುಜಿಸಿಯ ಒಪ್ಪಿಗೆ ಬೇಕಾದರೆ ಅದನ್ನು ಲಿಖಿತವಾಗಿ ಕೇಳಲಿ. ಅನುಭವವನ್ನು ಹೇಗೆ ಲೆಕ್ಕ ಹಾಕುತ್ತೇವೆ, ಸೇವಾ ಪ್ರಮಾಣಪತ್ರದ ನಮೂನೆ ಹೇಗಿರಬೇಕು, ಯಾರ ಸಹಿ ಬೇಕು ಎಂಬುದು ಅಧಿಸೂಚನೆಯಲ್ಲೇ ಇರಲಿ. ಈಗ ಒಂದು ಕಡೆ ಪ್ರಾಂಶುಪಾಲರ ಸಹಿ ಸಾಕು, ಇನ್ನೊಂದು ಕಡೆ ಜಂಟಿ ನಿರ್ದೇಶಕರ ಮೇಲುಸಹಿ ಬೇಕು. ಅರ್ಜಿಯ ಕೊನೆಯ ದಿನ ಹತ್ತಿರ ಬಂದಾಗ ಹಳೆಯ ಕಾಲೇಜಿಗೆ ಓಡಿ, ವರ್ಗವಾಗಿ ಹೋದ ಪ್ರಾಂಶುಪಾಲರನ್ನು ಹುಡುಕುವ ಪಾಡು ಯಾರಿಗೂ ಬೇಡ. ಪರಿಶೀಲನಾ ಪಟ್ಟಿ ಬಂದ ಮೇಲೆ ಆಕ್ಷೇಪಣೆ ಸಲ್ಲಿಸಲು ಸಾಕಷ್ಟು ದಿನ ಕೊಡಿ, ಸಲ್ಲಿಸಿದವರಿಗೆ ಕಾರಣ ಬರೆದು ಉತ್ತರ ಕೊಡಿ. ನನ್ನ ಆಕ್ಷೇಪಣೆಗೆ ಉತ್ತರವೇ ಬರಲಿಲ್ಲ.

ಸಂದರ್ಶನದ ಬಗ್ಗೆ ಒಂದು ಮಾತು. ಅಭ್ಯರ್ಥಿಯ ಪಾಠ ಮಾಡುವ ಶಕ್ತಿಯನ್ನು ತರಗತಿಯಂಥ ಸನ್ನಿವೇಶದಲ್ಲಿ ಉಪನ್ಯಾಸ ಕೊಡಿಸಿ ನೋಡಬಹುದು ಎಂದು ಯುಜಿಸಿ ನಿಯಮವೇ ಹೇಳುತ್ತದೆ. ನಮ್ಮ ಕಲಾ ನಿಕಾಯದ ಹುದ್ದೆಗಳಿಗೆ ಇದನ್ನು ಕಡ್ಡಾಯ ಮಾಡಿ. ನಿಜವಾದ ಎಂಎ ವಿದ್ಯಾರ್ಥಿಗಳನ್ನು ಕೂರಿಸಿ, ಅರ್ಧ ಗಂಟೆ ಕನ್ನಡದಲ್ಲಿ ಪಾಠ ಮಾಡಿಸಿ. ಸರ್ಕಾರಿ ಕಾಲೇಜುಗಳಿಗೆ 2021ರಲ್ಲಿ 1,242 ಸಹಾಯಕ ಪ್ರಾಧ್ಯಾಪಕರ ಹುದ್ದೆ ಕರೆದಾಗ ಪರೀಕ್ಷೆ ಇತ್ತು, ಪ್ರಶ್ನೆಪತ್ರಿಕೆ ಎಲ್ಲರಿಗೂ ಒಂದೇ ಆಗಿತ್ತು. ವಿಶ್ವವಿದ್ಯಾಲಯದ ಸಂದರ್ಶನ ಮುಚ್ಚಿದ ಬಾಗಿಲ ಹಿಂದೆ ಹತ್ತು ನಿಮಿಷದಲ್ಲಿ ಮುಗಿಯುತ್ತದೆ. ವಿದ್ಯಾರ್ಥಿಗಳ ಎದುರು ಮಾಡುವ ಪಾಠ ಹತ್ತು ಜನರ ಕಣ್ಣಿಗೆ ಬೀಳುತ್ತದೆ. ಯಾರು ತಯಾರಾಗಿ ಬಂದಿದ್ದಾರೆ, ಯಾರು ಬಂದಿಲ್ಲ ಎಂಬುದು ಅಡಗುವುದಿಲ್ಲ.

ಯುಜಿಸಿ 2025ರ ಜನವರಿಯಲ್ಲಿ ಹೊಸ ನಿಯಮಗಳ ಕರಡು ಹೊರಡಿಸಿತು. ಅದರ ಮೇಲೆ ಎದ್ದ ಚರ್ಚೆ ಬಹುಪಾಲು ಕುಲಪತಿಗಳ ನೇಮಕದ ಸುತ್ತಲೇ ನಡೆಯಿತು. ಅದೇ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಉನ್ನತ ಶಿಕ್ಷಣ ಸಚಿವರು ಸೇರಿ ವಿರೋಧ ದಾಖಲಿಸಿದರು. ಕುಲಪತಿ ಯಾರಾಗಬೇಕು ಎಂಬುದು ಮುಖ್ಯ, ಇಲ್ಲವೆನ್ನುವುದಿಲ್ಲ. ಆದರೆ ಆ ಕರಡಿನಲ್ಲಿ ಭಾರತೀಯ ಭಾಷೆಗಳಲ್ಲಿ ಪಾಠ ಮಾಡುವುದನ್ನು ಅಧ್ಯಾಪಕರ ಗಮನಾರ್ಹ ಕೊಡುಗೆಗಳಲ್ಲಿ ಒಂದು ಎಂದು ಹೆಸರಿಸಿದ್ದರು. ಕನ್ನಡದಲ್ಲಿ ಪಾಠ ಮಾಡುವವರ ಪರವಾಗಿ ನಮ್ಮ ರಾಜ್ಯ ಆ ಒಂದು ಅಂಶವನ್ನಾದರೂ ಗಟ್ಟಿಯಾಗಿ ಹಿಡಿದು, ಅದು ನೇಮಕಾತಿಯ ಅಂಕಕ್ಕೂ ಬರಬೇಕು, ಅತಿಥಿ ಉಪನ್ಯಾಸಕರ ಪಾಠಕ್ಕೂ ಅನ್ವಯಿಸಬೇಕು ಎಂದು ಕೇಳಬೇಕು.

ನನ್ನ ಹೆಸರು, ಊರು, ವಿಭಾಗ ಪ್ರಕಟಿಸಬೇಡಿ ಎಂದು ಕೋರುತ್ತೇನೆ. ನಮ್ಮ ಕೆಲಸ ವರ್ಷ ವರ್ಷವೂ ಹೊಸದಾಗಿ ಸಿಗಬೇಕು, ರಜೆಯ ತಿಂಗಳುಗಳಲ್ಲಿ ಗೌರವಧನವೂ ಇರುವುದಿಲ್ಲ. ಮುಂದಿನ ಶೈಕ್ಷಣಿಕ ವರ್ಷಕ್ಕೆ ಅತಿಥಿ ಉಪನ್ಯಾಸಕರ ಅರ್ಜಿ ಕರೆಯುವ ಮೊದಲೇ ಇಲಾಖೆ ಆ ಸುತ್ತೋಲೆ ಹೊರಡಿಸಬೇಕು ಎಂಬುದು ನನ್ನ ಕೋರಿಕೆ. ಹಾಗಾದರೆ ಆ ವರ್ಷದಿಂದ ಮಾಡುವ ಪಾಠವಾದರೂ ಮುಂದಿನ ನೇಮಕಾತಿಯಲ್ಲಿ ಸೊನ್ನೆ ಆಗುವುದಿಲ್ಲ.

ಇಂತಿ,
ಇತಿಹಾಸದ ಅತಿಥಿ ಉಪನ್ಯಾಸಕಿ